ಟೆಂಟಿನೊಳಗೆ ನೀರು, ತಳದಲ್ಲಿ ಥಂಡಿ: ಡಿಸೆಂಬರಿನ ಭಂಡಾರದರಾಕ್ಕೆ ಹೇಗೆ ತಯಾರಾಗೋದು?

ವಾಕಡ್ ಮನೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಪುಣೆಯಿಂದ ಕಾರಿನಲ್ಲಿ ಸಹ್ಯಾದ್ರಿಯ ಕೆರೆ ಊರು ಭಂಡಾರದರಾಕ್ಕೆ ಟೆಂಟ್ ಹಾಕಿ ಉಳಿಯಲು ಹೊರಟಿದ್ದೇವೆ. ದೊಡ್ಡವರು ಇಬ್ಬರು, ಮಕ್ಕಳು ಇಬ್ಬರು (9 ಮತ್ತು 5 ವರ್ಷ), ಎರಡು ರಾತ್ರಿ. ಟೆಂಟ್ ನಮ್ಮದೇ: 4 ಜನರ ಡೋಮ್, ಎರಡು ಫೈಬರ್ ಕಡ್ಡಿ, ಮೇಲೆ ಟೋಪಿ ಹಾಗೆ ಕೂರುವ ಸಣ್ಣ ಹೊದಿಕೆ.

ಸೊಸೈಟಿಯ ಟೆರೇಸ್ ಮೇಲೆ ಹಾಕಿ ಒಂದು ರಾತ್ರಿ ಮಲಗಿ ನೋಡಿದ್ದಾಯ್ತು. ಮಳೆ ಇಲ್ಲ, ಆದರೂ ಬೆಳಿಗ್ಗೆ ಒಳಗಿನ ಗೋಡೆಯೆಲ್ಲ ಒದ್ದೆ, ನಾವು ಹೊದ್ದಿದ್ದ ಹೊದಿಕೆಯ ಕಾಲಿನ ಕಡೆಯೂ ಒದ್ದೆ. ಚಳಿ ಬರಬಾರದು ಅಂತ ಕಿಟಕಿ, ಬಾಗಿಲು ಎಲ್ಲ ಜಿಪ್ ಹಾಕಿದ್ದೆವು. ಟೆಂಟ್ ಸೋರುತ್ತಿದೆಯಾ? ಬದಲಾಯಿಸಬೇಕಾ?

ಹಾಸಿಗೆಗೆ ಗಾಳಿ ತುಂಬುವ ಡಬಲ್ ಬೆಡ್ ಒಂದು, 6 ಮಿ.ಮೀ. ಯೋಗ ಮ್ಯಾಟ್ ಎರಡು ಇವೆ. ಇಷ್ಟು ಸಾಕಾ? ಟೆಂಟ್ ಒಳಗೆ ಸಣ್ಣ ಇದ್ದಿಲು ಸಿಗಡಿ ಇಟ್ಟು ಮಲಗುವ ಮುಂಚೆ ಬೆಚ್ಚಗೆ ಮಾಡಿಕೊಳ್ಳಬಹುದು ಅಂತ ಒಬ್ಬರು ಹೇಳಿದರು. ಸರಿನಾ?

ಡೊಂಬಿವಲಿ ಚಾರಣ

ಟೆಂಟ್ ಬದಲಾಯಿಸುವ ಮುಂಚೆ, ಬಂದದ್ದು ಸೋರಿಕೆಯ ನೀರೋ ನಿಮ್ಮ ಉಸಿರಿನ ತೇವವೋ ಅಂತ ಖಚಿತ ಮಾಡಿಕೊಳ್ಳಿ. ಎರಡಕ್ಕೂ ಮದ್ದು ಬೇರೆ ಬೇರೆ. ಹಗಲು ಹೊತ್ತಿನಲ್ಲಿ ಟೆಂಟ್ ಹಾಕಿ, ಒಳಗೆ ಯಾರೂ ಇರದ ಹಾಗೆ, ಗಿಡಕ್ಕೆ ನೀರು ಹಾಕುವ ಝಾರಿಯಿಂದ ಮೇಲಿನಿಂದ ಹತ್ತು ನಿಮಿಷ ನೀರು ಸುರಿಸಿ. ಆಮೇಲೆ ಒಳಗೆ ಹೋಗಿ ಟಾರ್ಚ್ ಹಿಡಿದು ಹೊಲಿಗೆಗಳ ಉದ್ದಕ್ಕೂ ನೋಡಿ. ಸೋರಿಕೆ ಇದ್ದರೆ ಹನಿ ಹೊಲಿಗೆಯ ಸಾಲಿನಲ್ಲಿ, ಮೂಲೆಯಲ್ಲಿ, ಇಲ್ಲವೇ ಜಿಪ್ಪಿನ ಬುಡದಲ್ಲಿ ಕಾಣುತ್ತೆ. ಉಸಿರಿನ ತೇವ ಹಾಗಲ್ಲ. ಇಡೀ ಚಾವಣಿಗೆ ಸಾಸಿವೆ ಕಾಳಿನಷ್ಟು ಹನಿಗಳು ಒತ್ತಾಗಿ, ಒಂದೇ ಸಮ ಕೂತಿರುತ್ತವೆ. ಬೆರಳಿನಿಂದ ಗೀರಿದರೆ ಒಂದಕ್ಕೊಂದು ಸೇರಿ ಗೋಡೆಗುಂಟ ಜಾರಿ ನೆಲಕ್ಕೆ ಇಳಿಯುತ್ತವೆ. ನೀವು ಹೇಳುವ ಲಕ್ಷಣ ನೋಡಿದರೆ ಇದು ಎರಡನೆಯದೇ.

ಆಗುವುದು ಇಷ್ಟು. ಒಬ್ಬ ಮನುಷ್ಯ ರಾತ್ರಿಯಿಡೀ ಉಸಿರಿನಿಂದ, ಚರ್ಮದಿಂದ ಒಂದು ದೊಡ್ಡ ಲೋಟದಷ್ಟು ನೀರನ್ನು ಆವಿಯಾಗಿ ಬಿಡುತ್ತಾನೆ. ನಾಲ್ವರದು ಸೇರಿದರೆ ಸಣ್ಣ ಚೆಂಬು ತುಂಬುತ್ತೆ. ಮೋಡವಿಲ್ಲದ ರಾತ್ರಿ ಟೆಂಟಿನ ಬಟ್ಟೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತೆ. ಕಾರಿನ ಮೇಲೆ ಇಬ್ಬನಿ ಕೂರುವುದೂ ಇದೇ ಕಾರಣಕ್ಕೆ. ಬೆಚ್ಚಗಿನ ಆವಿ ಆ ತಣ್ಣನೆಯ ಬಟ್ಟೆಗೆ ತಾಗಿದ ಕೂಡಲೇ ನೀರಾಗುತ್ತೆ. ಪೆಟ್ಟಿಗೆಯ ಮೇಲೆ 1500 ಮಿ.ಮೀ., 2000 ಮಿ.ಮೀ. ಅಂತ ಬರೆದಿರುತ್ತಲ್ಲ, ಅದು ನೀರು ತಡೆಯುವ ಶಕ್ತಿ: ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಂತರೂ ಆಚೆ ಜಿನುಗುವುದಿಲ್ಲ. ಹೊರಗಿನ ಮಳೆಯನ್ನು ತಡೆಯುವ ಆ ಲೇಪನವೇ ಒಳಗಿನ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಹಾಗಾಗಿ ದುಬಾರಿ ಟೆಂಟ್ ತಂದು ಎಲ್ಲ ಜಿಪ್ ಹಾಕಿ ಮಲಗಿದರೂ ಬೆಳಿಗ್ಗೆ ಇದೇ ಕಥೆ.

ಮದ್ದು ಒಂದೇ, ಗಾಳಿ ಆಡಬೇಕು. ಕೆಳಗಿನಿಂದ ತಣ್ಣನೆಯ ಒಣಗಾಳಿ ಒಳಗೆ ಬರಬೇಕು, ಮೇಲಿನಿಂದ ಬೆಚ್ಚಗಿನ ಹಸಿಗಾಳಿ ಹೊರಗೆ ಹೋಗಬೇಕು. ಸೊಳ್ಳೆಪರದೆಯ ಜಿಪ್ ಪೂರ್ತಿ ಹಾಕಿ. ಅದರ ಮೇಲಿನ ಬಟ್ಟೆ ಬಾಗಿಲನ್ನು ಮಾತ್ರ ಮೇಲ್ತುದಿಯಲ್ಲಿ ಒಂದು ಗೇಣು ತೆರೆದಿಡಿ. ಎದುರಿನ ಕಿಟಕಿಯನ್ನೂ ನಾಲ್ಕು ಬೆರಳು ತೆರೆಯಿರಿ. ಒಂದೇ ಕಡೆ ತೆರೆದರೆ ಗಾಳಿ ಹರಿಯುವುದಿಲ್ಲ. ನಿಮ್ಮ ಟೆಂಟಿನಲ್ಲಿ ಟೋಪಿ ಹೊದಿಕೆಯ ಕೆಳಗೆ ನೆತ್ತಿಯಲ್ಲಿ ಪರದೆ ಇರುತ್ತೆ, ಅದನ್ನು ಮುಚ್ಚಲೇಬೇಡಿ. ಒಳಗೆ ಅಡುಗೆ ಬೇಡ, ಒದ್ದೆ ಟವೆಲು, ಒದ್ದೆ ಸಾಕ್ಸ್ ನೇತುಹಾಕುವುದೂ ಬೇಡ.

ಇನ್ನೊಂದು ಉಪಾಯ ಬಹಳ ಕೆಲಸ ಮಾಡುತ್ತೆ. 12 ಅಡಿ × 15 ಅಡಿಯ ತಾಡಪಾಲು ಒಂದು, 6 ಮಿ.ಮೀ. ನೈಲಾನ್ ಹಗ್ಗ 15 ಮೀಟರ್ ತಗೊಳ್ಳಿ (ಪುಣೆಯವರಿಗೆ ರವಿವಾರ ಪೇಠೆಯ ಅಂಗಡಿಬೀದಿ ಬೋಹ್ರಿ ಆಳಿ ಇದ್ದೇ ಇದೆ). ಎರಡು ಮರದ ನಡುವೆ ಹಗ್ಗ ಬಿಗಿದು, ಟೆಂಟಿನ ನೆತ್ತಿಗಿಂತ ಒಂದೂವರೆ ಅಡಿ ಮೇಲೆ ಮಾಡಿನ ಹಾಗೆ ತಾಡಪಾಲು ಇಳಿಬಿಡಿ. ಬಟ್ಟೆಗೂ ಆಕಾಶಕ್ಕೂ ನಡುವೆ ಅದು ಅಡ್ಡ ಬರುವುದರಿಂದ ಟೆಂಟ್ ಅಷ್ಟು ತಣ್ಣಗಾಗುವುದಿಲ್ಲ, ಇಬ್ಬನಿಯೆಲ್ಲ ತಾಡಪಾಲಿನ ಮೇಲೆ ನಿಲ್ಲುತ್ತೆ. ಟೋಪಿ ಹೊದಿಕೆಯ ಟೆಂಟಿಗೆ ಇದು ಅಗತ್ಯವೇ ಅನ್ನಿ. ಟೆಂಟಿಗೆ ತಾಗಿಸಿ ಹೊದಿಸಿದರೆ ಮಾತ್ರ ಇದ್ದ ಗಾಳಿಯೂ ನಿಲ್ಲುತ್ತೆ.

ಇಷ್ಟೆಲ್ಲ ಮಾಡಿದರೂ ಕೆರೆ ಪಕ್ಕದಲ್ಲಿ ಬೆಳಗಿನ ಜಾವ ಸ್ವಲ್ಪ ತೇವ ಬಂದೇ ಬರುತ್ತೆ. ಹಳೇ ಕಾಟನ್ ಪಂಚೆಯ ತುಂಡು ಒಂದನ್ನು ತಲೆದೆಸೆಯಲ್ಲಿ ಇಟ್ಟುಕೊಳ್ಳಿ. ಎದ್ದ ತಕ್ಷಣ, ಮಕ್ಕಳು ಗೋಡೆಗೆ ಒರಗುವ ಮುಂಚೆ, ಮೇಲಿನಿಂದ ಕೆಳಕ್ಕೆ ಒರೆಸಿ ಹಿಂಡಿ. 4 ಜನರ ಟೆಂಟ್ ಅಂದರೆ ತಲೆಗೆ ಸುಮಾರು 60 ಸೆಂ.ಮೀ. ಜಾಗದ ಲೆಕ್ಕ, ಹೊದಿಕೆ ಗೋಡೆಗೆ ತಾಗುವುದು ಅದಕ್ಕೇ. ಸಾಮಾನನ್ನೆಲ್ಲ ಕಾರಿನಲ್ಲೇ ಬಿಟ್ಟು, ಮಕ್ಕಳನ್ನು ನಡುವೆ ಮಲಗಿಸಿ.

ಚಿಂಚವಾಡ ಧಾರವಾಡ

ಸಿಗಡಿ ಮಾತು ಮೊದಲ ಹೇಳ್ತೀನ್ರಿ, ಯಾಕಂದ್ರ ಇದರಾಗ ಜೀವದ ಪ್ರಶ್ನೆ ಅದ. ಟೆಂಟಿನೊಳಗ ಇದ್ದಿಲು ಸಿಗಡಿ ಇಡಬ್ಯಾಡ್ರಿ. ಮಲಗೂ ಮುಂಚೆ ಹತ್ತು ನಿಮಿಷನೂ ಬ್ಯಾಡ, ಕೆಂಡ ಬೂದಿ ಮುಚ್ಚೇದ ಅಂತ ಅನಿಸಿದ ಮ್ಯಾಲೂ ಬ್ಯಾಡ. ಹೊಗಿ ಇಲ್ಲದ ಕೆಂಡನ ಭಾಳ ಅಪಾಯ, ಅದರಿಂದ ಬರೂ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನಿ ಇಲ್ಲ, ಬಣ್ಣ ಇಲ್ಲ. ರಕ್ತದೊಳಗ ಆಮ್ಲಜನಕದ ಜಾಗಾ ಅದು ಹಿಡೀತದ. ತಲಿನೋವು, ಹೊಟ್ಟಿ ತೊಳಸೂದು, ಮಂಪರು, ಇಷ್ಟ ಲಕ್ಷಣ. ನಿದ್ದಿಯೊಳಗ ಇದ್ದವ್ರಿಗೆ ಅದೂ ತಿಳಿಯಂಗಿಲ್ಲ. ಸಣ್ಣ ಮಕ್ಕಳಿಗೆ ಇನ್ನೂ ಲಗೂ ಏರ್ತದ. ಗ್ಯಾಸ್ ಒಲಿ, ಲಾಟೀನಿಗೂ ಇದ ಮಾತು. ಯಾರಿಗರೆ ಹಂಗ ಆದ್ರ ಮೊದಲ ಹೊರಗ ಗಾಳಿಗೆ ಕರಕೊಂಡು ಬರ್ರಿ, 108ಕ್ಕ ಫೋನ್ ಮಾಡ್ರಿ.

ಇನ್ನ ಥಂಡಿ. ಮಂದಿ ಹೊದಿಕಿ ಮ್ಯಾಲ ಹೊದಿಕಿ ಹೇರ್ತಾರ, ಆದ್ರ ಥಂಡಿ ಹತ್ತೂದು ತಳದಿಂದ. ಮೈಯ ಭಾರಕ್ಕ ಕೆಳಗಿನ ಹತ್ತಿ, ಫೈಬರ್ ಎಲ್ಲಾ ಚಪ್ಪಟಿ ಆಗಿ ಅದರೊಳಗಿನ ಗಾಳಿ ಹೋಗ್ತದ. ಗಾಳಿ ಹೋದ್ರ ಶಾಖ ತಡಿಯೂ ಗುಣನೂ ಹೋತು. ಅದಕ್ಕ ದುಡ್ಡು ಮೊದಲ ತಳಕ್ಕ ಹಾಕ್ರಿ, ಮ್ಯಾಲಿಂದು ಆಮ್ಯಾಲ.

ಗಾಳಿ ತುಂಬೂ ಡಬಲ್ ಬೆಡ್ ನೋಡಾಕ ಮೆತ್ತಗ, ಥಂಡಿಗೆ ಮಾತ್ರ ಕೆಟ್ಟದ್ದು. ಅದರೊಳಗ 20 ಸೆಂ.ಮೀ. ಗಾಳಿ ತಿರುಗಾಡಕೊಂತ ಇರ್ತದ. ಮೈಯ ಬಿಸಿ ತಗೊಂಡು ನೆಲಕ್ಕ ಕೊಡೂದ ಅದರ ಕೆಲಸ. ತರೂದಿದ್ರ ಅದರ ಮ್ಯಾಲ ಫೋಮ್ ಹಾಸ್ರಿ. ಕೆಳಗ ಹಾಸಿದ್ರ ಉಪಯೋಗ ಕಡಿಮಿ. ನನ್ನ ಕೇಳಿದ್ರ ಬೆಡ್ ಮನ್ಯಾಗ ಬಿಡ್ರಿ. ಪ್ಯಾಕಿಂಗ್ ಸಾಮಾನು ಮಾರೂ ಅಂಗಡ್ಯಾಗ 10 ಅಥವಾ 12 ಮಿ.ಮೀ. ಇಪಿಇ (ಪ್ಯಾಕಿಂಗಿಗೆ ಬಳಸೂ ಹಗುರ) ಫೋಮ್ ಹಾಳಿ ಮೀಟರ್ ಲೆಕ್ಕದಾಗ ಸಿಗ್ತದ. ಟೆಂಟಿನ ಪೂರಾ ನೆಲಕ್ಕ ಒಂದು ಪದರು ಹಾಸಿ, ಅದರ ಮ್ಯಾಲ ಯೋಗ ಮ್ಯಾಟು, ಅದರ ಮ್ಯಾಲ ಒಂದು ಕೌದಿ. ಊರಿಂದ ತಂದ ಕೌದಿ ಇದ್ದವ್ರಿಗೆ ಇಷ್ಟ ಒಳ್ಳೆ ಹಾಸಿಗಿ ಬ್ಯಾರೆ ಇಲ್ಲ, ಅರಿವಿ ಪದರು ದಪ್ಪ ಇದ್ದು ಭಾರಕ್ಕ ಪೂರಾ ಚಪ್ಪಟಿ ಆಗಂಗಿಲ್ಲ. ಬೆಳಿಗ್ಗೆ ಎದ್ದು ಫೋಮ್ ಎತ್ತಿ ನೋಡ್ರಿ, ತಳಕ್ಕ ಹಸಿ ಇರ್ತದ. ಅದು ನೆಲದಿಂದ ಬಂದ ನೀರಲ್ಲ, ನಿಮ್ಮ ಬೆವರಿನ ಆವಿ ತಣ್ಣನ ನೆಲಕ್ಕ ಹೋಗಿ ನಿಂತದ್ದು. ದಿನಾ ಎತ್ತಿ ಒಣಗಿಸ್ರಿ.

ಮ್ಯಾಲಿಂದಕ್ಕ ಸ್ಲೀಪಿಂಗ್ ಬ್ಯಾಗ್ ತಗೊಳ್ಳೂದಿದ್ರ ಚೀಟಿ ಮ್ಯಾಲ ಎರಡು ಅಂಕಿ ಇರ್ತಾವ, ಕಂಫರ್ಟ್ ಮತ್ತ ಲಿಮಿಟ್. ಕಂಫರ್ಟ್ ಅಂಕಿ ನೋಡ್ರಿ. ಲಿಮಿಟ್ ಅಂದ್ರ ಮೈ ಮುದುಡಿಕೊಂಡು ಹ್ಯಾಂಗೋ ರಾತ್ರಿ ಕಳಿಯೂ ಮಟ್ಟ. ಭಂಡಾರದರಾದಾಗ ಡಿಸೆಂಬರ್ ಬೆಳಗಿನ ಜಾವ ಹತ್ತು ಡಿಗ್ರಿ ಹತ್ರ, ಕೆಲವೊಮ್ಮೆ ಇನ್ನೂ ಕೆಳಗ ಇಳೀತದ. ಕಂಫರ್ಟ್ 5 ಡಿಗ್ರಿ ಇರೂದು ನೋಡಿ ತಗೋರಿ. ಬ್ಯಾಗ್ ಬ್ಯಾಡಂದ್ರ ಇಲ್ಲಿ ಹಳ್ಳ್ಯಾಗ ಘೋಂಗಡಿ ಅಂತಾರಲ್ಲ, ನಮ್ಮ ಕಂಬಳಿ, ಅದು ಒಬ್ಬರಿಗೆ ಒಂದು, ಅದರ ಒಳಗ ಒಂದು ತೆಳ್ಳನ ರಜಾಯಿ. ಉಣ್ಣಿ ಸ್ವಲ್ಪ ಹಸಿ ಆದ್ರೂ ಬೆಚ್ಚಗ ಇರ್ತದ, ಹತ್ತಿ ಹಂಗಲ್ಲ.

ಮಲಗೂ ಮುಂಚೆ ದಿನದ ಬಟ್ಟಿ ಪೂರಾ ಬದಲಿ ಮಾಡ್ರಿ, ಬೆವರಿನ ಬನಿಯನ್ ಮೈಮ್ಯಾಲ ಇದ್ರ ಎಷ್ಟು ಹೊದ್ರೂ ನಡುಕ ನಿಲ್ಲಂಗಿಲ್ಲ. ಒಣ ಸಾಕ್ಸ್, ಉಲ್ಲನ್ ಟೊಪಿಗಿ. ಒಂದು ಲೀಟರಿನ ಸಾದಾ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ತಲಿಕೆಳಗ ಹಿಡಿದು ಸೋರಂಗಿಲ್ಲ ಅಂತ ನೋಡಿ, ದಪ್ಪ ಸಾಕ್ಸಿನಾಗ ಹಾಕಿ ಮಕ್ಕಳ ಕಾಲಿನ ಹತ್ರ ಇಡ್ರಿ. ಥರ್ಮಾಸ್ ನಡಿಯಂಗಿಲ್ಲ, ಅದು ಬಿಸಿ ಹೊರಗ ಬಿಡಂಗಿಲ್ಲ. ಮಕ್ಕಳು ಮುಖದ ಮ್ಯಾಲ ಹೊದಿಕಿ ಎಳಕೊಂಡು ಮಲಗದಂಗ ನೋಡ್ರಿ, ಉಸಿರಿಗೆ ಹೊದಿಕಿ ಹಸಿ ಆಗಿ ನಾಕು ಗಂಟೆಗೆ ಥಂಡಿ ಹತ್ತಿ ಏಳ್ತಾರ.

ಹಾಂ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ರಿ. ಮೊದಲ ರಾತ್ರಿ ಟೆಂಟ್ ಹಾಕೂದರಾಗ ಕತ್ತಲಿ ಆಗಿಬಿಡ್ತದ, ಒಲಿ ಹಚ್ಚೂ ಗರಜ ಇರಂಗಿಲ್ಲ.

ವಾಕಡ್ ಮನೆ

ಇಬ್ಬರಿಗೂ ತುಂಬಾ ಧನ್ಯವಾದ. ಝಾರಿ ಪರೀಕ್ಷೆ ಮಾಡಿದೆ, ಒಳಗೆ ಒಂದು ಹನಿಯೂ ಇಲ್ಲ. ಹಾಗಾದರೆ ಉಸಿರಿನದೇ. ಸಿಗಡಿ ಯೋಚನೆ ಪೂರ್ತಿ ಬಿಟ್ಟೆ.

ಇನ್ನೆರಡು ಪ್ರಶ್ನೆ. ನಮ್ಮದು ಸೂಟ್‌ಕೇಸ್ ಥರದ ಪೆಟ್ಟಿಗೆ ಒಲೆ, ಉದ್ದನೆಯ ಗ್ಯಾಸ್ ಡಬ್ಬಿಯನ್ನು ಅಡ್ಡ ಕೂರಿಸುವುದು. ಬೆಳಗಿನ ಚಳಿಯಲ್ಲಿ ಉರಿ ಸಣ್ಣ ಆಗುತ್ತೆ ಅಂತ ಕೇಳಿದೆ. ನಿಜವಾ, ಎಷ್ಟು ಡಬ್ಬಿ ಬೇಕು? ಮತ್ತೆ, ಟೆಂಟ್ ಹಾಕಲು ಕೆರೆ ದಂಡೆಯ ಸಮತಟ್ಟು ಜಾಗ ಚೆನ್ನಾಗಿ ಕಾಣುತ್ತೆ. ಅಲ್ಲೇ ಹಾಕಬಹುದಾ?

ಮುಲುಂಡ್ ಅಡುಗೆಮನೆ

ಒಲೆಯದು ನಿಜ. ಆ ಉದ್ದ ಡಬ್ಬಿಯಲ್ಲಿ ಹೆಚ್ಚಾಗಿ ಇರುವುದು ಬ್ಯೂಟೇನ್. ಅದರ ಕುದಿಬಿಂದು ಸೊನ್ನೆಗಿಂತ ಅರ್ಧ ಡಿಗ್ರಿ ಮಾತ್ರ ಕೆಳಗೆ. ಹತ್ತು ಡಿಗ್ರಿ ಚಳಿಯಲ್ಲಿ ಅದು ಆವಿಯಾಗುವ ಒತ್ತಡವೇ ಕಡಿಮೆ, ಮೇಲಾಗಿ ಉರಿಯುತ್ತಾ ಉರಿಯುತ್ತಾ ಡಬ್ಬಿ ತನ್ನ ಶಾಖವನ್ನೇ ಕಳೆದುಕೊಂಡು ಇನ್ನೂ ತಣ್ಣಗಾಗುತ್ತೆ. ಹತ್ತು ನಿಮಿಷ ಉರಿಸಿ ಮುಟ್ಟಿ ನೋಡಿ, ಹೊರಮೈ ಮೇಲೆ ಬೆವರು ಕಟ್ಟಿರುತ್ತೆ. ಅಲ್ಲಾಡಿಸಿದರೆ ಒಳಗೆ ಗ್ಯಾಸ್ ಇರುವುದು ಗೊತ್ತಾಗುತ್ತೆ, ಆದರೂ ಉರಿ ಏಳುವುದಿಲ್ಲ. ಜನ ಖಾಲಿ ಆಯ್ತು ಅಂದುಕೊಂಡು ಹಾಗೇ ಎಸೆಯುತ್ತಾರೆ, ಅದು ಅಪಾಯ.

ಡಬ್ಬಿಯನ್ನು ರಾತ್ರಿ ಹೊರಗೆ ಬಿಡದೆ ಬಟ್ಟೆಯಲ್ಲಿ ಸುತ್ತಿ ಕಾರಿನೊಳಗೆ ಇಡಿ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಐದು ನಿಮಿಷ ನಿಲ್ಲಿಸಿ, ಒರೆಸಿ ಕೂರಿಸಿ. ಕೈ ಹಿಡಿಯಲಾಗದಷ್ಟು ಬಿಸಿ ನೀರು ಬೇಡವೇ ಬೇಡ, ಬೆಂಕಿಯ ಹತ್ತಿರ ಕಾಯಿಸುವುದಂತೂ ಕೂಡದು. ಎರಡು ಡಬ್ಬಿ ಇದ್ದರೆ ಒಂದನ್ನು ತೆಗೆದು ಇನ್ನೊಂದು ಹಾಕುತ್ತಾ ಬದಲಾಯಿಸಿಕೊಂಡರೂ ಸಾಕು. ಪ್ರೊಪೇನ್ ಬೆರೆತ ಮಿಶ್ರಣದ ಡಬ್ಬಿ ಸಿಕ್ಕರೆ ಈ ತಾಪತ್ರಯವಿಲ್ಲ, ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುತ್ತೆ. ಕಾರಿನಲ್ಲಿ ಜಾಗ ಇರುವುದರಿಂದ 5 ಕಿಲೋದ ಸಣ್ಣ ಎಲ್‌ಪಿಜಿ ಸಿಲಿಂಡರ್ ಮತ್ತು ಒಂಟಿ ಬರ್ನರ್ ಕೂಡ ಯೋಚಿಸಿ, ಅದರಲ್ಲೂ ಪ್ರೊಪೇನ್ ಇರುತ್ತೆ. ಅದನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿಯೇ ಒಯ್ಯಿರಿ, ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ಹಾಕಿ, ಕಾರಿನ ಗಾಜು ಸ್ವಲ್ಪ ಇಳಿಸಿ.

ಪೆಟ್ಟಿಗೆ ಒಲೆಯಲ್ಲಿ ಡಬ್ಬಿ ಕೂರಿಸುವಾಗ ಬಾಯಿಯ ಕಾಲರಿನಲ್ಲಿ ಇರುವ ಸೀಳು ಒಲೆಯ ಗುರುತಿಗೆ ಸರಿಯಾಗಿ ಮೇಲ್ಮುಖವಾಗಿ ಬರಬೇಕು. ಒಳಗಿನ ಸಣ್ಣ ಕೊಳವೆ ಆಗ ಮೇಲಿನ ಆವಿಯನ್ನು ಎಳೆಯುತ್ತೆ. ತಿರುವುಮುರುವು ಆದರೆ ದ್ರವವೇ ಬರ್ನರಿಗೆ ಬಂದು ಉರಿ ಭಗ್ಗನೆ ಮೊಳದುದ್ದ ಏಳುತ್ತೆ. ಡಬ್ಬಿಯ ಗೂಡಿನ ಮೇಲೂ ಚಾಚುವಂಥ ದೊಡ್ಡ ಕಾವಲಿ ಇಡಬೇಡಿ, ಶಾಖ ಕೆಳಗೆ ತಿರುಗಿ ಡಬ್ಬಿ ಕಾಯುತ್ತೆ. ಗಾಳಿಗೆ ಅಡ್ಡ ಬೇಕು ಅಂತ ಒಲೆಯ ಸುತ್ತ ನಾಲ್ಕೂ ಕಡೆ ತಗಡು ನಿಲ್ಲಿಸುವುದೂ ಇದೇ ಕಾರಣಕ್ಕೆ ತಪ್ಪು. ಗಾಳಿ ಬರುವ ಒಂದು ಬದಿಗೆ ಮಾತ್ರ ಅಡ್ಡ ಇಡಿ.

ಲೆಕ್ಕ ಹೀಗೆ ಹಾಕಿ. ಗಾಳಿ ಇಲ್ಲದಾಗ ಒಂದು ಲೀಟರ್ ನೀರು ಕುದಿಯಲು ಸುಮಾರು 15 ಗ್ರಾಂ ಗ್ಯಾಸ್, ಗಾಳಿ ಚಳಿ ಇದ್ದರೆ 25ರ ತನಕ. ನಾಲ್ವರಿಗೆ ಚಹಾ, ಹಾಲು, ಬೆಳಗಿನ ಉಪ್ಪಿಟ್ಟು, ರಾತ್ರಿ ಅನ್ನ ಸಾರು ಎಲ್ಲ ಸೇರಿ ದಿನಕ್ಕೆ ಆರು ಲೀಟರ್ ಕುದಿಸಿದಷ್ಟು ಆಗುತ್ತೆ, ಅಂದರೆ 150 ಗ್ರಾಂ. ಎರಡು ರಾತ್ರಿಗೆ ಸುಮಾರು 230 ಗ್ರಾಂನ ಡಬ್ಬಿ ಎರಡು, ಜೊತೆಗೆ ಒಂದು ಹೆಚ್ಚುವರಿ. ಅನ್ನಕ್ಕೆ 3 ಲೀಟರಿನ ಕುಕ್ಕರ್ ಒಯ್ದರೆ ಗ್ಯಾಸ್ ತುಂಬಾ ಉಳಿಯುತ್ತೆ. ಅಕ್ಕಿ ಅರ್ಧ ಗಂಟೆ ನೆನೆಸಿಡಿ. ಪುಳಿಯೋಗರೆ ಗೊಜ್ಜು ಮನೆಯಿಂದಲೇ ಮಾಡಿ ತಂದರೆ ಒಂದು ಹೊತ್ತು ಬರೀ ಅನ್ನದ ಕೆಲಸ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ನೀರು ಹಿಡಿಯಿರಿ. ಕೆರೆ ನೀರು ಎಷ್ಟು ತಿಳಿಯಾಗಿ ಕಂಡರೂ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದ್ದ ಮೇಲೆ ಒಂದು ನಿಮಿಷ ಬಿಟ್ಟೇ ಬಳಸಿ.

ಕಸಾರಾ ತನಕ ಲೋಕಲ್‌ನಲ್ಲಿ ಬಂದು ಅಲ್ಲಿಂದ ಜೀಪ್ ಹಿಡಿಯುವ ಮುಂಬೈಯವರು ಇದನ್ನು ಓದುತ್ತಿದ್ದರೆ: ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಿ ಒಯ್ಯುವುದು ನಿಷಿದ್ಧ. ಹಳ್ಳಿಯವರಿಂದ ಪಿಠಲ ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಮಾಡಿಸಿಕೊಳ್ಳುವುದೇ ನಿಮಗೆ ಒಳ್ಳೆಯದು.

ಡೊಂಬಿವಲಿ ಚಾರಣ

ಜಾಗದ ಬಗ್ಗೆ. ಕೆರೆಯ ನೀರಂಚು ಬೇಡ. ಅಲ್ಲಿನ ಈ ಕೆರೆ, ಆರ್ಥರ್ ಲೇಕ್, ಅಂದರೆ 1926ರಲ್ಲಿ ಮುಗಿದ ವಿಲ್ಸನ್ ಅಣೆಕಟ್ಟಿನ ಹಿನ್ನೀರು, ಪ್ರವರಾ ನದಿಯದು. ಮಳೆಗಾಲ ಮುಗಿದ ಮೇಲೆ ನೀರು ಇಳಿಯುತ್ತಾ ಹೋಗಿ ದಂಡೆಯಲ್ಲಿ ಸಮತಟ್ಟಾದ ಜಾಗ ತೆರೆದುಕೊಳ್ಳುತ್ತೆ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಂದು ಗೇಣು ಕೆಳಗೆ ಹಸಿ ಹೂಳು. ಗೂಟ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತೆ, ಒಂದು ಗಾಳಿಗೆ ಹಾಗೇ ಎದ್ದೂ ಬರುತ್ತೆ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿದು ಇಂಥ ತಗ್ಗಿನಲ್ಲೇ ನಿಲ್ಲುತ್ತೆ, ನೀರಿನ ತೇವವೂ ಅಲ್ಲೇ. ಟೆಂಟ್ ಒದ್ದೆಯಾಗಬೇಕು ಅಂದರೆ ಅದಕ್ಕಿಂತ ಸರಿಯಾದ ಜಾಗವಿಲ್ಲ. ನೀರಿನಿಂದ 50 ಮೀಟರ್ ದೂರ, ಆಳೆತ್ತರಕ್ಕಿಂತ ಮೇಲಕ್ಕೆ ಹೋಗಿ. ಅಷ್ಟರಲ್ಲೇ ಚಳಿ ಕಡಿಮೆಯಾಗುವುದು ಮೈಗೆ ತಿಳಿಯುತ್ತೆ. ಮಕ್ಕಳನ್ನು ನೀರಿಗೆ ಇಳಿಸಬೇಡಿ. ಹೂಳಿನ ಅಂಚು ಎರಡು ಹೆಜ್ಜೆಗೆ ಕುಸಿದು ಆಳ ಆಗುತ್ತೆ, ಈಜು ಬಂದವರಿಗೂ ಕಾಲು ಸಿಗುವುದಿಲ್ಲ.

ಶೇಂಡಿ, ಮುರ್ಶೇತ್, ರತನವಾಡಿ, ಸಾಮ್ರದ್ ಕಡೆ ಹಳ್ಳಿಯವರೇ ತಮ್ಮ ಜಮೀನಿನಲ್ಲಿ ಕ್ಯಾಂಪಿಂಗ್ ಜಾಗ ಕೊಡುತ್ತಾರೆ. ಹೆಚ್ಚಿನವರು ಮಹಾದೇವ ಕೋಳಿ ಸಮುದಾಯದವರು. ಖಾಲಿ ಕಂಡ ಗದ್ದೆ ಯಾರದೋ ಆಗಿರುತ್ತೆ, ಕೇಳಿಯೇ ಹಾಕಿ, ಕೊಡಬೇಕಾದ್ದು ಕೊಡಿ. ಶೌಚಾಲಯ, ಕುಡಿಯುವ ನೀರು, ರಾತ್ರಿ ಏನಾದರೂ ಆದರೆ ಕರೆಯಲು ಒಂದು ಮನೆ, ಐದು ವರ್ಷದ ಮಗು ಜೊತೆಗಿರುವಾಗ ಈ ಮೂರೂ ಬೇಕು. ಡಿಸೆಂಬರಿಗೆ ಭತ್ತ ಕೊಯ್ದಾಗಿರುತ್ತೆ, ಗದ್ದೆಯಲ್ಲಿ ಉಳಿಯುವುದು ಕೂಳೆ. ನಾಲ್ಕು ಬೆರಳುದ್ದ, ಕುಡುಗೋಲಿನಿಂದ ಓರೆ ಕೊಯ್ದದ್ದರಿಂದ ತುದಿ ಚೂಪು. ಅದರ ಮೇಲೆ ಟೆಂಟ್ ಹಾಕಿ ಮಂಡಿಯೂರಿದರೆ ನೆಲದ ಬಟ್ಟೆಯಲ್ಲಿ ಸಾಲಾಗಿ ಸೂಜಿ ತೂತು ಬೀಳುತ್ತೆ. ಸನಿಕೆಯಿಂದ ಕೂಳೆ ಕೆತ್ತಿ, ಕೈಯಾಡಿಸಿ ನೋಡಿ, ಆಮೇಲೆ ನೆಲಹಾಸು. ಈ ನೆಲಹಾಸು ಟೆಂಟಿನ ತಳಕ್ಕಿಂತ ಎಲ್ಲ ಬದಿಗೂ ಎರಡು ಇಂಚು ಚಿಕ್ಕದಿರಬೇಕು, ದೊಡ್ಡದಿದ್ದರೆ ಅಂಚನ್ನು ಕೆಳಕ್ಕೆ ಮಡಚಿ. ಹೊರಗೆ ಚಾಚಿದ ಅಂಚಿನ ಮೇಲೆ ಇಬ್ಬನಿ ಇಳಿದು ಸೀದಾ ನಿಮ್ಮ ಬೆನ್ನ ಕೆಳಗೆ ಬಂದು ನಿಲ್ಲುತ್ತೆ.

ಮುರಂ, ಅಂದರೆ ಗಟ್ಟಿ ಗರಸು ನೆಲದಲ್ಲಿ ಟೆಂಟಿನ ಜೊತೆ ಬರುವ ತಂತಿ ಗೂಟ ಮೂರು ಪೆಟ್ಟಿಗೆ ಬಾಗುತ್ತೆ. ಹಾರ್ಡ್‌ವೇರ್ ಅಂಗಡಿಯ 8 ಇಂಚಿನ ಮೊಳೆ 12, ಪ್ರತಿಯೊಂದಕ್ಕೂ ಅಗಲ ವಾಷರ್, ಒಂದು ಸುತ್ತಿಗೆ. ಮೊಳೆಯ ತಲೆ ಟೆಂಟಿನಿಂದ ಆಚೆ ವಾಲಿರಬೇಕು, ಹಗ್ಗಕ್ಕೂ ಮೊಳೆಗೂ ಲಂಬ ಕೋನ ಬಂದರೆ ಹಿಡಿತ ಗಟ್ಟಿ. ಒಂದೊಂದರ ತಲೆಗೆ ಬಿಳಿ ಬಟ್ಟೆಯ ಚೂರು ಕಟ್ಟಿ, ಕತ್ತಲಲ್ಲಿ ಮಕ್ಕಳು ಎಡವುವುದಿಲ್ಲ. ಬಾಗಿಲು ಗಾಳಿಗೆ ಬೆನ್ನಾಗಿರಲಿ. ಬೆಳಗಿನ ಬಿಸಿಲು ಮೊದಲು ಬೀಳುವ ಜಾಗ ಸಂಜೆಯೇ ಗುರುತಿಸಿ, ಪೂರ್ವಕ್ಕೆ ಗುಡ್ಡ ಅಡ್ಡ ಇದ್ದರೆ ಒಂಬತ್ತಾದರೂ ಟೆಂಟ್ ಒಣಗುವುದಿಲ್ಲ. ಮರದ ಕೆಳಗೆ ಇಬ್ಬನಿ ಕಡಿಮೆ, ಆದರೆ ಮೇಲೆ ಒಣ ಕೊಂಬೆ, ಹೆಜ್ಜೇನು ಇದೆಯಾ ಅಂತ ಕತ್ತೆತ್ತಿ ನೋಡಿ. ಇಲ್ಲಿಯವರು ಆಗ್ಯಾ ಮೋಹೋಳ್ ಅನ್ನುವುದು ಅದನ್ನೇ. ಅದರ ಕೆಳಗೆ ಹೊಗೆ ಎದ್ದರೆ ಓಡಿ ಕಾರಿನೊಳಗೆ ಸೇರುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಬೆಂಕಿಯ ವಿಷಯದಲ್ಲಿ ದಯವಿಟ್ಟು ಸಡಿಲ ಬೇಡ. ರತನವಾಡಿ ಕಡೆ ಕಳಸೂಬಾಯಿ ಹರಿಶ್ಚಂದ್ರಗಡ ಅಭಯಾರಣ್ಯ, 1972ರ ವನ್ಯಜೀವಿ ಕಾಯ್ದೆಯ 30ನೇ ಕಲಮಿನ ಪ್ರಕಾರ ಅಭಯಾರಣ್ಯಕ್ಕೆ ಅಪಾಯವಾಗುವ ಹಾಗೆ ಅಲ್ಲಿ ಬೆಂಕಿ ಹಚ್ಚುವುದು ಅಪರಾಧ. ಅರಣ್ಯ ಇಲಾಖೆಯ ನಾಕಾದಲ್ಲಿ ಶುಲ್ಕ ಕಟ್ಟಿದ ರಸೀದಿ ಇಟ್ಟುಕೊಳ್ಳಿ, ರಾತ್ರಿ ಉಳಿಯಲು ಎಲ್ಲಿ ಬಿಡುತ್ತಾರೆ ಅಂತ ಅಲ್ಲೇ ಕೇಳಿ. ಖಾಸಗಿ ಜಮೀನಿನಲ್ಲಿ ಜಾಗದವರು ಒಪ್ಪಿದರೆ ನೆಲದಿಂದ ಮೇಲಿರುವ ಅರ್ಧ ಡ್ರಮ್ಮಿನಲ್ಲಿ ಮಾತ್ರ, ಟೆಂಟಿನಿಂದ ಹದಿನೈದು ಅಡಿ ದೂರ, ಬಕೆಟ್ ನೀರು ಪಕ್ಕದಲ್ಲಿ. ಡಿಸೆಂಬರಿಗೆ ಆ ಗುಡ್ಡದ ಹುಲ್ಲು ಪೂರ್ತಿ ಒಣಗಿರುತ್ತೆ. ಒಂದು ಕಿಡಿಗೆ ಇಡೀ ಇಳಿಜಾರು ಹೋಗುತ್ತೆ, ಅದರ ಜೊತೆ ಆ ಊರಿನ ದನದ ಮೇವೂ ಹೋಗುತ್ತೆ.

ಫೋಂಡಾ ಕಾಡುಹಾದಿ

ಹಾವು ಚೇಳಿನ ಮಾತು ಯಾರೂ ಎತ್ತಲಿಲ್ಲ, ಹೇಳಿಬಿಡುತ್ತೇನೆ. ಸೊಳ್ಳೆಪರದೆಯ ಜಿಪ್ ಹಗಲೂ ರಾತ್ರಿ ಹಾಕಿಯೇ ಇರಬೇಕು, "ಈಗ ಬಂದೆ" ಅಂತ ತೆರೆದಿಟ್ಟು ಹೋಗುವುದು ಬೇಡ. ಕಟ್ಟುಹಾವು (ಅಲ್ಲಿ ಮಣ್ಯಾರ್ ಅಂತಾರೆ) ರಾತ್ರಿ ಓಡಾಡುತ್ತೆ, ನೆಲದ ಮೇಲಿನ ಹಾಸಿಗೆಗೂ ಬರುತ್ತೆ. ಅದು ಕಚ್ಚಿದ್ದು ಎಷ್ಟೋ ಸಲ ನೋಯುವುದೇ ಇಲ್ಲ, ಗುರುತೂ ಕಾಣುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ನುಂಗಲು ಕಷ್ಟ ಅಂದರೆ ಅಜೀರ್ಣ ಅಂದುಕೊಂಡು ಕೂರಬೇಡಿ. ಗರಗಸ ಮಂಡಲ, ಅಂದರೆ ಫುರ್ಸೆ, ಕಲ್ಲಿನ ಕೆಳಗೆ ಇರುತ್ತೆ. ಗೂಟಕ್ಕೆ ಕಲ್ಲು ಬೇಕು ಅಂತ ಎತ್ತುವಾಗ ಮೊದಲು ಕೋಲಿನಿಂದ ಉರುಳಿಸಿ. ಕಚ್ಚಿದರೆ ಆ ಕೈಯನ್ನೋ ಕಾಲನ್ನೋ ಅಲ್ಲಾಡದಂತೆ ಇಟ್ಟು, ಉಂಗುರ ಕಾಲುಂಗುರ ತೆಗೆದು, ನಡೆಸದೆ ಆಸ್ಪತ್ರೆಗೆ ಒಯ್ಯಿರಿ. ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಹೊರಡುವ ಮುಂಚೆಯೇ ಹತ್ತಿರದ ಸರ್ಕಾರಿ ಗ್ರಾಮೀಣ ರುಗ್ಣಾಲಯ (ಆಸ್ಪತ್ರೆ) ಎಲ್ಲಿದೆ, ಫೋನಿಗೆ ಸಿಗ್ನಲ್ ಎಲ್ಲಿ ಬರುತ್ತೆ ಅಂತ ಜಾಗದವರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಬೂಟನ್ನು ಹೊರಗೆ ಬಿಡುವುದಾದರೆ ಚೀಲದಲ್ಲಿ ಕಟ್ಟಿ ಬಿಡಿ, ಬೆಳಿಗ್ಗೆ ಕೊಡವಿ ಹಾಕಿ. ಕೆಂಪು ಚೇಳು ಕುಟುಕಿದರೆ ಮಕ್ಕಳ ಹೃದಯಕ್ಕೇ ಪೆಟ್ಟು. ಕೊಂಕಣದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಮಾತ್ರೆಯಿಂದ ಇದಕ್ಕೆ ಚಿಕಿತ್ಸೆ ತೋರಿಸಿಕೊಟ್ಟ ಮೇಲೆ ಸಾವು ಬಹಳ ಇಳಿಯಿತು, ಆದರೆ ಅದು ವೈದ್ಯರು ನೋಡಿ ಕೊಡುವ ಔಷಧ. ಮಗು ವಿಪರೀತ ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಒಂದು ನಿಮಿಷವೂ ಕಾಯಬೇಡಿ.

ಎಂಜಲು, ಸಿಪ್ಪೆ ಏನೂ ಹೊರಗೆ ಬಿಡಬೇಡಿ. ಅದಕ್ಕೆ ನಾಯಿ ಬರುತ್ತೆ, ನಾಯಿಯ ಹಿಂದೆ ಚಿರತೆ ಬರುತ್ತೆ. ಎಲ್ಲ ಡಬ್ಬಿಯಲ್ಲಿ ಹಾಕಿ ಕಾರಿನೊಳಗೆ.

ಇದೇ ತಯಾರಿಯಲ್ಲಿ ಗೋವಾದ ಕಡೆ ಬರುವವರಿಗೆ ಒಂದು ಮಾತು ಹೆಚ್ಚಿಗೆ. ಸತ್ತರಿ ತಾಲೂಕಿನ ಕಾಡಿನಲ್ಲಿ, ಪಕ್ಕದ ದೋಡಾಮಾರ್ಗದಲ್ಲಿ ಮಂಗನ ಕಾಯಿಲೆ ಬಂದದ್ದುಂಟು, ನಮ್ಮ ಶಿವಮೊಗ್ಗದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಅದೇ ರೋಗ. ಜನವರಿಯಿಂದ ಮೇ ತನಕ ಅದನ್ನು ಹರಡುವ ಉಣುಗು ಹೆಚ್ಚು. ತರಗೆಲೆಯ ಮೇಲೆ ಕೂರಬೇಡಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸಿಕ್ಕಿಸಿ, ಸತ್ತ ಮಂಗ ಕಂಡರೆ ಆ ಜಾಗ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ವಾಕಡ್ ಮನೆ

ಎಲ್ಲ ಬರೆದಿಟ್ಟುಕೊಂಡೆ. ಕೊನೆಯದಾಗಿ ಒಂದೇ: ಭಾನುವಾರ ಬೆಳಿಗ್ಗೆ ಬೇಗ ಹೊರಡಬೇಕು, ಟೆಂಟ್ ಒದ್ದೆಯಾಗೇ ಮಡಚಬೇಕಾಗಬಹುದು. ಹಾಳಾಗುತ್ತಾ?

ಚಿಂಚವಾಡ ಧಾರವಾಡ

ಒಂದು ದಿನ ಹಸಿ ಇದ್ರ ಏನೂ ಆಗಂಗಿಲ್ರಿ. ಅದರ ಚೀಲದಾಗ ಬಿಗಿದು ತುರಕಬ್ಯಾಡ್ರಿ, ದೊಡ್ಡ ಪ್ಲಾಸ್ಟಿಕ್ ಚೀಲದಾಗ ಸಡಿಲ ಹಾಕಿ ಡಿಕ್ಕ್ಯಾಗ ಇಡ್ರಿ. ಮನಿ ಮುಟ್ಟಿದ ರಾತ್ರಿನ ಹೊರಗ ತೆಗೀರಿ. "ನಾಳೆ ಮಾಡೋಣು" ಅಂತ ವಾರ ಬಿಟ್ರ ಬೂಷ್ಟು ಹಿಡಿದು ಕರಿ ಚುಕ್ಕಿ ಬೀಳ್ತಾವ, ಅವು ಮುಂದ ಹೋಗಂಗಿಲ್ಲ. ಪದೇ ಪದೇ ಹಸಿ ಇಟ್ರ ಒಳಗಿನ ಲೇಪನ ಕರಗಿದಂಗ ಅಂಟಂಟ ಆಗಿ, ಹುಳಿ ವಾಸನಿ ಬಂದು, ಸಿಪ್ಪಿ ಸುಲದಂಗ ಏಳ್ತದ. ಆಮ್ಯಾಲ ಅದು ಖರೇನ ಸೋರ್ತದ.

ಫ್ಲ್ಯಾಟಿನಾಗ ಜಾಗಾ ಇಲ್ಲಂದ್ರ ಬಾಲ್ಕನಿ ಹಗ್ಗದ ಮ್ಯಾಲ ಒಳಮೈ ಹೊರಗ ಮಾಡಿ ಹಾಕ್ರಿ, ಫ್ಯಾನ್ ಕೆಳಗ ಎರಡು ಕುರ್ಚಿ ಮ್ಯಾಲೂ ನಡೀತದ. ನೆಳ್ಳಾಗ ಒಂದು ದಿನ ಒಂದು ರಾತ್ರಿ ಸಾಕು. ಬಿಸಿಲಿಗೆ ದಿನಗಟ್ಟಲೆ ಬಿಟ್ರ ನೈಲಾನ್ ದಾರ ಸೊರಗ್ತಾವ. ಹೊಲಿಗಿ ದಪ್ಪ ಇದ್ದಲ್ಲಿ, ಮೂಲ್ಯಾಗ, ಹಗ್ಗ ಹೊಲಿದ ಪಟ್ಟಿ ಹತ್ರ ಬೆರಳಲೆ ಒತ್ತಿ ನೋಡ್ರಿ, ಹಸಿ ಉಳಿಯೂದು ಅಲ್ಲೇ. ಮಣ್ಣು ಹತ್ತಿದ್ರ ತಣ್ಣೀರು, ಮೆತ್ತನ ಅರಿವಿ ಅಷ್ಟ. ಸೋಪಿನ ಪುಡಿ ಬ್ಯಾಡ, ವಾಷಿಂಗ್ ಮಷಿನ್ ಅಂತೂ ಬ್ಯಾಡವೇ ಬ್ಯಾಡ. ಜಿಪ್ಪಿನ ಹಲ್ಲಾಗಿನ ಧೂಳಿಗೆ ಹಳೇ ಹಲ್ಲುಜ್ಜೂ ಬ್ರಶ್ ಹಿಡೀರಿ. ಮುರಂ ಧೂಳು ಹಂಗ ಬಿಟ್ರ ಜಿಪ್ಪಿನ ಗುಂಡಿ ಸವೆದು ಹಲ್ಲು ಕಚ್ಚೂದು ಬಿಡ್ತದ. ಕಡ್ಡಿ ಮಡಚೂದು ನಡುವಿನಿಂದ ಚಾಲೂ ಮಾಡಿ ತುದಿ ಕಡೆ ಬರ್ರಿ, ಒಳಗಿನ ಇಲಾಸ್ಟಿಕ್ ಎರಡೂ ಕಡೆ ಸಮ ಎಳೀತದ.

ಒಣಗಿದ ಮ್ಯಾಲ ಹಳೇ ಕಾಟನ್ ದಿಂಬಿನ ಚೀಲದಾಗ ಸಡಿಲ ಹಾಕಿ ಅಟ್ಟದ ಮ್ಯಾಲ ಇಡ್ರಿ. ಪುಣೆ, ಮುಂಬೈ ಮಳಿಗಾಲಕ್ಕ ನಡುವ ಒಮ್ಮೆ, ಆಗಸ್ಟ್‌ದಾಗ, ತೆಗೆದು ಒಂದು ದಿನ ಗಾಳಿಗೆ ಹಾಕ್ರಿ.